ಕಾರವಾರ–ಅಂಕೋಲಾ: ಕೆಟ್ಟ ಕಾರು, ಕಿಲೋಮೀಟರಿನ ಲೆಕ್ಕ

ಮಾರುತಿ 800 ಕಾರಿನ ಬಹುಪಾಲು ಬೋಲ್ಟುಗಳು 4 ಅಳತೆಯ ಸ್ಪ್ಯಾನರಿಗೆ ಬಿಚ್ಚುತ್ತವೆ: 10, 12, 14, 17 ಮಿ.ಮೀ. ಕಾರವಾರದ ಗ್ಯಾರೇಜಿನ ಮಾತಿನಲ್ಲಿ ನಾಲ್ಕು ಪಾನಾ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರು ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದಕ್ಕೂ ಹಿಂದಿನ ಅಂಬಾಸಡರಿನದು 1,489 ಸಿ.ಸಿ. ಎಂಜಿನ್. ಅದು ಮಿಸ್ ಹೊಡೆದರೆ ಡಿಸ್ಟ್ರಿಬ್ಯೂಟರ್ ಪಾಯಿಂಟುಗಳ ಸಂದನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸಿದರೆ ಹೆಚ್ಚಿನ ಸಲ ಸರಿಹೋಗುತ್ತಿತ್ತು. ಅಳೆಯಲು ಒಂದು ಫೀಲರ್ ಗೇಜು, ತಿರುಗಿಸಲು ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕಿತ್ತು. ಆ ಕೆಲಸ ಅಂಕೋಲಾದ ಬಾಳೆಗುಳಿ ಕ್ರಾಸಿನಲ್ಲಿ ನಡೆದರೂ ಬೆಂಗಳೂರಿನಲ್ಲಿ ನಡೆದರೂ ಒಂದೇ ಆಗಿತ್ತು.

ಕಾರವಾರದಿಂದ ಅಂಕೋಲಾಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 35 ಕಿ.ಮೀ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಸುಮಾರು 135 ಕಿ.ಮೀ. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಡಗಾವಿಗೆ ಸುಮಾರು 70 ಕಿ.ಮೀ. ಕಾರು ಕೆಟ್ಟಾಗ ಈ 35 ಕಿ.ಮೀ.ಯೊಳಗೆ ಎಷ್ಟು ಕೆಲಸ ಮುಗಿಯುತ್ತದೆ, ಎಷ್ಟು 135ಕ್ಕೂ 70ಕ್ಕೂ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಈ ಬರಹದ ಉದ್ದೇಶ.

ಮೊದಲು ಒತ್ತಡದ ಅಂಕಿ ನೋಡೋಣ. ನಾವು ನಿಂತಲ್ಲಿ ಗಾಳಿಯ ಒತ್ತಡ ಸುಮಾರು 1 ಬಾರ್. ಕಾರಿನ ಟೈರಿಗೆ ತುಂಬುವ 30 ಪಿಎಸ್ಐ ಎಂದರೆ ಸುಮಾರು 2 ಬಾರ್. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಪೆಟ್ರೋಲು ಪಂಪು ಕೊಡುತ್ತಿದ್ದ ಒತ್ತಡ 0.2–0.3 ಬಾರ್. ಆಮೇಲೆ ಬಂದ ಎಂಪಿಎಫ್ಐ, ಅಂದರೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ ವ್ಯವಸ್ಥೆಯಲ್ಲಿ, ಅದು ಸುಮಾರು 3 ಬಾರ್ ಆಯಿತು. ಈಗಿನ ಡೀಸೆಲ್ ಕಾರುಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಇಂಧನ ಹೋಗುವಲ್ಲಿ, ಒತ್ತಡ 1,600ರಿಂದ 2,000 ಬಾರ್. ಇದು ಟೈರಿನ ಒತ್ತಡದ ಸುಮಾರು 800ರಿಂದ 1,000 ಪಟ್ಟು. ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕಸ ಕೂತರೆ ಬಾಯಿಂದ ಊದಿ ಬಿಡಿಸುತ್ತಿದ್ದರು. 1,600 ಬಾರಿನಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂತು ಮಾಡಿ ಒಳಹೊಗುತ್ತದೆ. ಅಂಥ ಇಂಜೆಕ್ಟರನ್ನು ಪರೀಕ್ಷಿಸಲು ಬೇರೆಯೇ ಟೆಸ್ಟ್ ಬೆಂಚು ಬೇಕು, ಧೂಳಿಲ್ಲದ ಕೋಣೆ ಬೇಕು. ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಆ ಕೆಲಸ ಆಗುವುದಿಲ್ಲ.

ಒತ್ತಡ ಏರಿದ್ದಕ್ಕೆ ಕಾರಣ ಹೊಗೆಯ ನಿಯಮ. ಬಿಎಸ್, ಅಂದರೆ ಭಾರತ್ ಸ್ಟೇಜ್, ವಾಹನ ಉಗುಳಬಹುದಾದ ಮಾಲಿನ್ಯಕ್ಕೆ ಸರಕಾರ ಹಾಕಿದ ಮಿತಿ. ಡೀಸೆಲ್ ಕಾರಿನ ಮಸಿಕಣದ ಮಿತಿ ಬಿಎಸ್-4ರಲ್ಲಿ ಕಿ.ಮೀ.ಗೆ 0.025 ಗ್ರಾಂ ಇತ್ತು; 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6ರಲ್ಲಿ 0.0045 ಗ್ರಾಂ. ಇಳಿಕೆ ಶೇ 82. ನೈಟ್ರೋಜನ್ ಆಕ್ಸೈಡುಗಳ ಮಿತಿ 0.25ರಿಂದ 0.08 ಗ್ರಾಂಗೆ ಬಂತು. ಇಳಿಕೆ ಶೇ 68. ಪೆಟ್ರೋಲ್ ಕಾರಿನ ಕಾರ್ಬನ್ ಮಾನಾಕ್ಸೈಡ್ ಮಿತಿ 2000ದ ನಿಯಮದಲ್ಲಿ 2.72 ಗ್ರಾಂ ಇದ್ದದ್ದು ಈಗ 1 ಗ್ರಾಂ. ಇಳಿಕೆ ಶೇ 63. ಇಂಧನದಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 50 ಅಂಶದಿಂದ 10ಕ್ಕೆ ಇಳಿಯಿತು. ನಾಲ್ಕೂ ಅಂಕಿಗಳು ನಮ್ಮ ಉಸಿರಿಗೆ ಸಂಬಂಧಿಸಿದವು. ಹಳೆಯ ಕಾರೇ ಚೆನ್ನಾಗಿತ್ತು ಎನ್ನುವವರು ಇವುಗಳನ್ನು ಬದಿಗಿಟ್ಟು ಮಾತಾಡಬಾರದು. ಕಾರು ಜಟಿಲವಾಗಿದ್ದರ ಬಗ್ಗೆ ನನ್ನ ತಕರಾರಿಲ್ಲ. ಆ ಜಟಿಲತೆಯನ್ನು ಬಿಚ್ಚುವ ತಿಳಿವಳಿಕೆ ಯಾರ ಬಳಿ ಉಳಿಯಿತು ಎಂಬುದರ ಬಗ್ಗೆ ಇದೆ.

ಮಸಿಕಣ ಶೇ 82 ಇಳಿದದ್ದರ ಹಿಂದೆ ಡಿಪಿಎಫ್ ಎಂಬ ಶೋಧಕವಿದೆ. ಡೀಸೆಲ್ ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಹಾಕುತ್ತದೆ. ಆ ಶಾಖ ಬರಬೇಕಾದರೆ ಕಾರು ಸಾಮಾನ್ಯವಾಗಿ 15–20 ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರವಾರದಿಂದ ಅಂಕೋಲಾಕ್ಕೆ 35 ನಿಮಿಷ. ಅಷ್ಟರಲ್ಲಿ ಶೋಧಕ ಸ್ವಚ್ಛವಾಗುತ್ತದೆ. ಕಾರವಾರದೊಳಗೇ ಕೋಡಿಬಾಗದಿಂದ ಪೇಟೆಗೆ ಬಂದು ಹಬ್ಬುವಾಡಕ್ಕೆ ಹೋಗುವ 3–4 ಕಿ.ಮೀ. ಓಡಾಟದಲ್ಲಿ ಆಗುವುದಿಲ್ಲ. ತಿಂಗಳುಗಟ್ಟಲೆ ಪೇಟೆಯಲ್ಲೇ ಓಡಿದ ಡೀಸೆಲ್ ಕಾರಿನಲ್ಲಿ ಮಸಿ ತುಂಬಿ ಎಚ್ಚರಿಕೆಯ ದೀಪ ಉರಿಯುತ್ತದೆ, ಎಂಜಿನ್ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ಹೆದ್ದಾರಿಗೆ ಒಯ್ದು ಅರ್ಧ ಗಂಟೆ ಓಡಿಸಿದರೆ ಹಲವು ಸಲ ಖರ್ಚಿಲ್ಲದೆ ಮುಗಿಯುವ ತೊಂದರೆ ಇದು. ಅದನ್ನು ಮಾಲೀಕನಿಗೆ ಯಾರೂ ಹೇಳದಿದ್ದರೆ ಕಾರು ಕಾರ್ಯಾಗಾರದ ದಾರಿ ಹಿಡಿಯುತ್ತದೆ.

ಆ ದೀಪದ ಹಿಂದಿನ ವ್ಯವಸ್ಥೆಗೆ ಒಬಿಡಿ ಎಂದು ಹೆಸರು: ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಸಂಕೇತವಾಗಿ ಬರೆದಿಡುವ ಏರ್ಪಾಡು. ಬಿಎಸ್-4 ಕಾರುಗಳಿಗೆ ಇದರ ಮೊದಲ ಹಂತ 2010ರ ಏಪ್ರಿಲಿನಿಂದ, ಎರಡನೆಯದು 2013ರ ಏಪ್ರಿಲಿನಿಂದ ಕಡ್ಡಾಯವಾಯಿತು. ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಚಿಕ್ಕ ಸಾಧನ ₹1,000ದೊಳಗೆ ಸಿಗುತ್ತದೆ, ಮೊಬೈಲಿನಲ್ಲಿ ಸಂಕೇತ ತೋರಿಸುತ್ತದೆ. ಸಂಕೇತ ಪಿ 0301 ಎಂದರೆ 1ನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ 0420 ಎಂದರೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಕುಸಿದಿದೆ. ಅಂಬಾಸಡರ್ ಇಷ್ಟು ಸ್ಪಷ್ಟವಾಗಿ ತನ್ನ ನೋವು ಹೇಳುತ್ತಿರಲಿಲ್ಲ. ಇಲ್ಲಿಯವರೆಗೆ ಹೊಸ ಕಾರೇ ಮೆಕ್ಯಾನಿಕ್ಕಿಗೆ ಹೆಚ್ಚು ನೆರವಾಗುತ್ತದೆ.

ತೊಡಕು ಶುರುವಾಗುವುದು ಪಿ ಅಕ್ಷರದ ಮುಂದಿನ ಒಂದು ಅಂಕಿಯಿಂದ. ಅಲ್ಲಿ 0 ಇದ್ದರೆ ಸಂಕೇತ ಎಲ್ಲ ಕಂಪನಿಗಳಿಗೂ ಸಮಾನ. ಅರ್ಥ ಎಲ್ಲರಿಗೂ ಲಭ್ಯ. 1 ಇದ್ದರೆ ಅದು ಆಯಾ ತಯಾರಕರು ತಮಗಾಗಿ ಇಟ್ಟುಕೊಂಡದ್ದು. ಅರ್ಥ ಅವರ ಕೈಪಿಡಿಯಲ್ಲಿರುತ್ತದೆ. ಇನ್ನು ಓದುವುದು ಬೇರೆ, ಬರೆಯುವುದು ಬೇರೆ. ಡೆಲ್ಫಿ ಕಂಪನಿಯ ಒಂದು ಬಗೆಯ ಕಾಮನ್ ರೈಲ್ ಇಂಜೆಕ್ಟರಿನ ಮೇಲೆ 16 ಅಕ್ಷರಗಳ ಸಂಕೇತ ಕೆತ್ತಿರುತ್ತದೆ. ಹೊಸ ಇಂಜೆಕ್ಟರ್ ಕೂರಿಸಿದ ಮೇಲೆ ಆ 16 ಅಕ್ಷರಗಳನ್ನು ಎಂಜಿನ್ನಿನ ಕಂಪ್ಯೂಟರಿಗೆ ಬರೆಯಬೇಕು. ಇಲ್ಲವಾದರೆ ಎಂಜಿನ್ ಸರಿಯಾಗಿ ನಡೆಯದು. ₹1,000ದ ಸಾಧನ ಅದನ್ನು ಬರೆಯಲಾರದು. ಹಲವು ಕಂಪನಿಗಳ ಕಾರಿಗೆ ಬರೆಯಬಲ್ಲ ಸ್ಕ್ಯಾನರಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ರೂಪಾಯಿ, ಮೇಲೆ ವರ್ಷಾವರ್ಷ ಸಾಫ್ಟ್‌ವೇರಿನ ಶುಲ್ಕ. ಸ್ಕ್ಯಾನರಿಗೆ ₹1 ಲಕ್ಷ ಎಂದು ಹಿಡಿದು, ಅದನ್ನು 4 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹25,000. ತಿಂಗಳಿಗೆ 50 ಕಾರು ಸ್ಕ್ಯಾನ್ ಮಾಡುವ ನಗರದ ಗ್ಯಾರೇಜಿಗೆ ಕಾರೊಂದಕ್ಕೆ ಬೀಳುವುದು ₹42. ತಿಂಗಳಿಗೆ 5 ಕಾರು ಬರುವ ಸಣ್ಣ ಊರಿನ ಗ್ಯಾರೇಜಿಗೆ ₹417. ಸಾಧನ ಒಂದೇ, ಭಾರ ಹತ್ತು ಪಟ್ಟು.

ಹೀಗೆ ಊರಿನಲ್ಲಿ ಮುಗಿಯದ ಕೆಲಸದ ಬೆಲೆ ನೋಡೋಣ. ಒಂದು ಕಂಪನಿಯ ಅಧಿಕೃತ ಕಾರ್ಯಾಗಾರ ಎರಡೂ ಊರುಗಳಲ್ಲಿ ಇಲ್ಲ, ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ ₹103 ಎಂದು ಹಿಡಿಯೋಣ. ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗಿಬರಲು 270 ಕಿ.ಮೀ., 18 ಲೀಟರ್, ₹1,854. ಅಂಕೋಲಾದಿಂದ ಮಡಗಾವಿಗೆ 210 ಕಿ.ಮೀ., 14 ಲೀಟರ್, ₹1,442. ಕಾರವಾರದಿಂದ ಮಡಗಾವಿಗೆ 140 ಕಿ.ಮೀ., ₹961. ಒಂದೇ ತಾಲ್ಲೂಕಿನಂತೆ ಕಾಣುವ ಎರಡು ಊರುಗಳಲ್ಲಿ ಅಂಕೋಲಾದವರಿಗೆ ಕಾರವಾರದವರಿಗಿಂತ ಶೇ 50 ಹೆಚ್ಚು. ಮೊದಲ ದಿನ ತಪಾಸಣೆ, ಬಿಡಿಭಾಗ ಬಂದ ಮೇಲೆ ಎರಡನೇ ಸಲ ಎಂದಾದರೆ ಹುಬ್ಬಳ್ಳಿಯ ಲೆಕ್ಕ ₹3,708. ಇದರಲ್ಲಿ ರಿಪೇರಿಯ ಒಂದು ರೂಪಾಯಿಯೂ ಸೇರಿಲ್ಲ, ಕೆಲಸ ಬಿಟ್ಟು ಹೋದ 2 ದಿನದ ಕೂಲಿಯೂ ಸೇರಿಲ್ಲ. ಟ್ಯಾಕ್ಸಿ ಓಡಿಸುವವರಿಗೆ ಆ 2 ದಿನಗಳೇ ದೊಡ್ಡ ಖರ್ಚು.

ಕಾರು ತಾನಾಗಿ ಓಡುವ ಸ್ಥಿತಿಯಲ್ಲಿದ್ದರೆ ಮಾತ್ರ ಈ ಲೆಕ್ಕ. ಗಂಭೀರ ದೋಷ ಕಂಡಾಗ ಹೊಸ ಕಾರು ಲಿಂಪ್ ಮೋಡಿಗೆ ಹೋಗುತ್ತದೆ, ಅಂದರೆ ಎಂಜಿನ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನೂ ಶಕ್ತಿಯನ್ನೂ ಕಡಿತ ಮಾಡಿಕೊಳ್ಳುತ್ತದೆ. ಸಮುದ್ರಮಟ್ಟದ ಅಂಕೋಲಾದಿಂದ ಹುಬ್ಬಳ್ಳಿ ದಾರಿಯಲ್ಲಿರುವ ಸುಮಾರು 500 ಮೀಟರ್ ಎತ್ತರದ ಯಲ್ಲಾಪುರಕ್ಕೆ ಆ ಸ್ಥಿತಿಯಲ್ಲಿ ಲಾರಿಗಳ ಸಾಲಿನ ನಡುವೆ ಹತ್ತುವುದು ಅಪಾಯ. ಕಾರನ್ನು ಲಾರಿಯ ಮೇಲೆ ಹೇರಿ ಒಯ್ಯಲು, ಖಾಲಿ ಬರುವುದನ್ನೂ ಸೇರಿಸಿ ಕಿ.ಮೀ.ಗೆ ₹30 ಎಂದು ಹಿಡಿದರೆ 270 ಕಿ.ಮೀ.ಗೆ ₹8,100. ದಾರಿಯೂ ಪ್ರತಿವರ್ಷ ತೆರೆದಿರುತ್ತದೆ ಎನ್ನುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಕುಮಟಾ ಕಡೆಯ ಹೆದ್ದಾರಿ ಹಲವು ದಿನ ಬಂದ್ ಆಯಿತು. 22 ದಿನಗಳ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿಯ ಹಳೆಯ ಸೇತುವೆ ಕುಸಿಯಿತು. ದಕ್ಷಿಣದ ದಾರಿಗೂ ಉತ್ತರದ ದಾರಿಗೂ ಒಂದೇ ಮಳೆಗಾಲದಲ್ಲಿ ಪೆಟ್ಟು ಬಿತ್ತು.

2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ₹10,000 ಮೂಲಬೆಲೆಯ ಭಾಗಕ್ಕೆ ಮೊದಲು ₹12,800, ಈಗ ₹11,800. ಉಳಿತಾಯ ₹1,000, ಅಂದರೆ ಶೇ 7.8. ಆ ಭಾಗ ಹಾಕಿಸಲು ಅಂಕೋಲಾದಿಂದ ಹುಬ್ಬಳ್ಳಿಗೆ ಒಂದು ಸಲ ಹೋದರೆ ₹1,854. ತೆರಿಗೆಯಲ್ಲಿ ಉಳಿದದ್ದು ಮರಳಿ ಘಟ್ಟ ಇಳಿಯುವುದರೊಳಗೆ ಮುಗಿಯುತ್ತದೆ. ಕೂಲಿಯ ಮೇಲಿನ ಜಿಎಸ್‌ಟಿ ಶೇ 18. ವರ್ಷದ ವಹಿವಾಟು ₹20 ಲಕ್ಷ ದಾಟದ ಸಣ್ಣ ಗ್ಯಾರೇಜು ನೋಂದಣಿ ಮಾಡಿಸಬೇಕಿಲ್ಲ. ಅಲ್ಲಿ ₹3,000 ಕೂಲಿ ಎಂದರೆ ₹3,000. ದೊಡ್ಡ ಕಾರ್ಯಾಗಾರದಲ್ಲಿ ಅದೇ ಕೂಲಿಗೆ ₹3,540.

ವಿಮೆಯ ಕೋಷ್ಟಕದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಗ್ರಾಹಕರು ಅದನ್ನು ಗಮನಿಸುವುದು ಬಿಲ್ ಕೈಗೆ ಬಂದಾಗ. ಸಾಮಾನ್ಯ ವಾಹನ ವಿಮೆಯಲ್ಲಿ ಲೋಹದ ಭಾಗಗಳಿಗೆ ಮೊದಲ 6 ತಿಂಗಳು ಸವಕಳಿ ಇಲ್ಲ, 1 ವರ್ಷದೊಳಗೆ ಶೇ 5, 2 ವರ್ಷದೊಳಗೆ ಶೇ 10. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗುಗಳಿಗೆ ಮೊದಲ ದಿನದಿಂದಲೇ ಶೇ 50. ಸವಕಳಿ ಎಂದರೆ ವಿಮಾ ಕಂಪನಿ ಕೊಡದೆ ಮಾಲೀಕನ ಮೇಲೆ ಬಿಡುವ ಪಾಲು. 5 ತಿಂಗಳ ಕಾರಿನ ₹10,000ದ ಲೋಹದ ಬಾಗಿಲು ಜಜ್ಜಿದರೆ ಮಾಲೀಕನಿಗೆ ಸವಕಳಿ ಸೊನ್ನೆ. ₹10,000ದ ಪ್ಲಾಸ್ಟಿಕ್ ಬಂಪರ್ ಒಡೆದರೆ ₹5,000. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಬಂಪರ್ ಉಕ್ಕಿನದಾಗಿತ್ತು, ಬಡಿದು ನೆಟ್ಟಗೆ ಮಾಡಬಹುದಿತ್ತು. ಹೆಡ್‌ಲೈಟಿನಲ್ಲಿ 60/55 ವಾಟಿನ ಬಲ್ಬ್ ಸುಟ್ಟರೆ ಬಲ್ಬ್ ಮಾತ್ರ ಬದಲಾಗುತ್ತಿತ್ತು. ಈಗಿನ ಹಲವು ಎಲ್ಇಡಿ ದೀಪಗಳು ಬೆಸೆದ ಡಬ್ಬಿಯೊಳಗಿವೆ. ಒಂದು ಎಲ್ಇಡಿ ಹೋದರೆ ಡಬ್ಬಿಯನ್ನೇ ಬದಲಿಸಬೇಕು. ಸವಕಳಿ ಕಡಿಯದ ಹೆಚ್ಚುವರಿ ವಿಮೆ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಕಾರು ಹೊಸದಾಗಿರುವ ಕೆಲವೇ ವರ್ಷಗಳವರೆಗೆ.

ಅದೇ ವಿಮೆಯಲ್ಲಿ ಶೇ 75 ಎಂಬ ಗೆರೆಯೂ ಇದೆ. ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ ಶೇ 75 ದಾಟಿದರೆ ಕಾರನ್ನು ಪೂರ್ಣ ನಷ್ಟ ಎಂದು ಬರೆಯುತ್ತಾರೆ. ₹8 ಲಕ್ಷದ ಕಾರಿಗೆ 4 ವರ್ಷ ತುಂಬಿ 5ನೇ ವರ್ಷ ನಡೆಯುವಾಗ ಮೌಲ್ಯ ಶೇ 50 ಇಳಿದು ₹4 ಲಕ್ಷ. ಗೆರೆ ₹3 ಲಕ್ಷ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ 2019ರ ಏಪ್ರಿಲಿನಿಂದ, ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು, ಆಮೇಲೆ ಪಕ್ಕದ ಸೀಟಿನದೂ ಬಂತು. ಇವು ಜೀವ ಉಳಿಸುವ ವಸ್ತುಗಳು. ಆದರೆ ಏರ್‌ಬ್ಯಾಗ್ ಒಮ್ಮೆ ತೆರೆದುಕೊಂಡರೆ ಬ್ಯಾಗ್, ಸೀಟ್ ಬೆಲ್ಟಿನ ಎಳೆತದ ಭಾಗ, ನಿಯಂತ್ರಕ, ಹಲವು ಸಲ ಡ್ಯಾಶ್‌ಬೋರ್ಡ್ ಕೂಡ ಹೊಸದಾಗಬೇಕು. ಎಂಜಿನ್ನಿಗೆ ಏನೂ ಆಗದ ಕಾರು ಈ ಪಟ್ಟಿಯಿಂದಲೇ ₹3 ಲಕ್ಷದ ಗೆರೆಯ ಹತ್ತಿರ ಬರುತ್ತದೆ.

ಕರಾವಳಿಯ ಅಂಕಿ ಬೇರೆಯದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಜೊತೆಗೆ ಉಪ್ಪುಗಾಳಿ. ಹಳೆಯ ಕಾರಿನಲ್ಲಿ ಇವೆರಡೂ ತಿಂದದ್ದು ತಗಡನ್ನು; ತುಕ್ಕು ಕಣ್ಣಿಗೆ ಕಾಣುತ್ತಿತ್ತು, ವೆಲ್ಡಿಂಗ್ ಮಾಡಿ ತುಂಡು ಹಾಕುತ್ತಿದ್ದರು. ಹೊಸ ಕಾರುಗಳ ತಗಡಿಗೆ ಸತುವಿನ ಲೇಪ ಬಂದು ತುಕ್ಕು ಕಡಿಮೆಯಾಗಿದೆ. ಈಗ ಉಪ್ಪು ಕೂರುವುದು ವಯರಿಂಗಿನ ಕನೆಕ್ಟರುಗಳಲ್ಲಿ. ತಾಮ್ರದ ಪಿನ್ನಿಗೆ ಹಸಿರು ಕಿಲುಬು ಹಿಡಿದರೆ ಸೆನ್ಸರಿನ ವೋಲ್ಟೇಜಿನಲ್ಲಿ ಆಗುವ ಸಣ್ಣ ವ್ಯತ್ಯಾಸಕ್ಕೇ ಕಂಪ್ಯೂಟರ್ ದೋಷ ಬರೆಯುತ್ತದೆ. ಸಂಕೇತ ಸೆನ್ಸರಿನ ಹೆಸರು ಹೇಳುತ್ತದೆ; ಪಿನ್ನಿನ ಕಿಲುಬನ್ನು ಹೇಳುವುದಿಲ್ಲ. ಸಂಕೇತವನ್ನೇ ನಂಬಿದವರು ಸೆನ್ಸರ್ ಬದಲಿಸುತ್ತಾರೆ. ಪಿನ್ ಬಿಚ್ಚಿ ನೋಡಿ ಉಜ್ಜುವ ಕೆಲಸಕ್ಕೆ ಬೇಕಾದದ್ದು ಕರಾವಳಿಯ ಅನುಭವ. ಅದು ಇದೇ 35 ಕಿ.ಮೀ.ಯೊಳಗಿನ ಮೆಕ್ಯಾನಿಕ್ಕರ ಬಳಿ ಇದೆ. ಅವರ ಬಳಿ ಇಲ್ಲದ್ದು ಆ ಸರ್ಕಿಟಿನ ನಕ್ಷೆ.

ನಕ್ಷೆ ಏಕೆ ಇಲ್ಲ ಎಂಬ ಪ್ರಶ್ನೆಗೆ ದೇಶದ ಮಟ್ಟದಲ್ಲಿ ಉತ್ತರ ಸಿಕ್ಕಿ ಹತ್ತು ವರ್ಷ ದಾಟಿದೆ. ಗ್ರಾಹಕರೊಬ್ಬರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ವಿಧಿಸಿತು. ಬಿಡಿಭಾಗ, ತಪಾಸಣಾ ಸಾಧನ, ತಾಂತ್ರಿಕ ಕೈಪಿಡಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಆದೇಶದ ತಿರುಳು. ದಂಡ ಪ್ರತಿ ಕಂಪನಿಯ ಸರಾಸರಿ ವಹಿವಾಟಿನ ಶೇ 2. ಟಾಟಾ ಮೋಟಾರ್ಸ್ ಪಾಲು ₹1,346.46 ಕೋಟಿ, ಒಟ್ಟಿನ ಶೇ 53. ಮಾರುತಿ ಸುಜುಕಿ ₹471.14 ಕೋಟಿ, ಮಹೀಂದ್ರ ₹292.25 ಕೋಟಿ, ನಿಸಾನ್ ₹1.63 ಕೋಟಿ. 2015ರ ಜುಲೈನಲ್ಲಿ ಹ್ಯುಂಡೈಗೆ ಬೇರೆ ಆದೇಶದಲ್ಲಿ ₹420.26 ಕೋಟಿ. ದಂಡಕ್ಕಿಂತ ಕಾರವಾರದ ಗ್ಯಾರೇಜಿಗೆ ಮುಖ್ಯವಾದದ್ದು ಆದೇಶದ ಸೂಚನೆಗಳು: ಬಿಡಿಭಾಗವನ್ನೂ ತಪಾಸಣಾ ಸಾಧನವನ್ನೂ ಸ್ವತಂತ್ರ ಗ್ಯಾರೇಜಿಗೆ ಸಿಗುವಂತೆ ಮಾಡಬೇಕು, ಬಿಡಿಭಾಗದ ಬೆಲೆಯನ್ನು ಬಹಿರಂಗವಾಗಿ ಪ್ರಕಟಿಸಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದಾಗುತ್ತದೆ ಎಂಬ ಷರತ್ತು ಹಾಕಬಾರದು.

ಕಂಪನಿಗಳು ಮೇಲ್ಮನವಿಗೂ ಹೈಕೋರ್ಟುಗಳಿಗೂ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸಾನ್ ಎಂಬ 3 ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು, ದಂಡದ ಆಧಾರವನ್ನು ಒಟ್ಟು ವಹಿವಾಟಿನಿಂದ ಬಿಡಿಭಾಗ-ಸೇವೆಯ ವಹಿವಾಟಿಗೆ ಇಳಿಸಿತು. ಶೇ 2 ಎಂಬ ಅಂಕಿ ಹಾಗೆಯೇ ಉಳಿಯಿತು, ಯಾವುದರ ಶೇ 2 ಎಂಬುದು ಬದಲಾಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ರಚಿಸಿ 4 ವಲಯಗಳನ್ನು ಗುರುತಿಸಿತು: ಕೃಷಿ ಯಂತ್ರ, ಮೊಬೈಲ್-ಟ್ಯಾಬ್ಲೆಟ್, ಗೃಹೋಪಯೋಗಿ ಸಾಧನ, ವಾಹನ. ಕಾರಿಗೆ ಸಂಬಂಧಿಸಿ ಕಾನೂನು ಬಂದಿಲ್ಲ.

ಬೇರೆ ದೇಶಗಳಲ್ಲಿ ಬಂದಿದೆ. ಯುರೋಪಿಯನ್ ಒಕ್ಕೂಟದ 2007ರ ನಿಯಮದಂತೆ ಕಂಪನಿ ತನ್ನ ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜಿಗೂ ನ್ಯಾಯವಾದ ಶುಲ್ಕಕ್ಕೆ ಕೊಡಲೇಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಈ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ಶೇ 86 ಜನ ಗ್ಯಾರೇಜುಗಳ ಪರ ನಿಂತರು. ಆಸ್ಟ್ರೇಲಿಯಾದಲ್ಲಿ 2022ರ ಜುಲೈ 1ರಿಂದ ಕಡ್ಡಾಯ. ಮೂರೂ ಕಡೆ ಕಾರುಗಳು ನಮ್ಮವಕ್ಕಿಂತ ಸರಳವಲ್ಲ. ಶುಲ್ಕ ಕೊಟ್ಟು ಮಾಹಿತಿ ಪಡೆಯುವ ದಾರಿ ಅಲ್ಲಿ ಇದೆ. ಅಂಕೋಲಾದ ಗ್ಯಾರೇಜು ಅದನ್ನು ಪುಕ್ಕಟೆ ಕೇಳುತ್ತಿಲ್ಲ. ಒಂದು ಕಾರಿನ ಒಂದು ದಿನದ ನಕ್ಷೆಗೆ ₹500 ಎಂದು ಇಟ್ಟರೂ, ಹುಬ್ಬಳ್ಳಿ ದಾರಿಯ ₹1,854ರಲ್ಲಿ ಮಾಲೀಕನಿಗೆ ₹1,354 ಉಳಿಯುತ್ತದೆ.

ಕಲಿಕೆಯ ಅವಧಿಯನ್ನೂ ನೋಡಬೇಕು. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸು 2 ವರ್ಷ. 2004ರಲ್ಲಿ ಮುಗಿಸಿ ಹೊರಬಂದವರ ಮುಂದೆ ದೇಶವ್ಯಾಪಿ ಹೊಗೆ ನಿಯಮ 5 ಸಲ ಬದಲಾಗಿದೆ: 2005, 2010, 2017, 2020, 2023. ಬದಲಾವಣೆಗಳ ನಡುವಿನ ಅಂತರ 5, 7, 3, 3 ವರ್ಷ. ಕಂಪನಿಯ ಕಾರ್ಯಾಗಾರದಲ್ಲಿ ಇದ್ದವರಿಗೆ ಪ್ರತಿ ಸಲ ತರಬೇತಿ ಸಿಗುತ್ತದೆ. ಸ್ವಂತ ಗ್ಯಾರೇಜು ಇಟ್ಟವರು ಎದುರು ಬಂದ ಕಾರಿನಲ್ಲೇ ಕಲಿಯಬೇಕು. ವಿದ್ಯುತ್ ಕಾರು ಬಂದ ಮೇಲೆ 12 ವೋಲ್ಟಿನ ಪಕ್ಕದಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಯರು ಬಂದಿದೆ. ಅಲ್ಲಿ ನೋಡಿ ಕಲಿಯುವಂತಿಲ್ಲ, ಕಲಿತೇ ಮುಟ್ಟಬೇಕು.

ಇಷ್ಟೆಲ್ಲ ಬೇಡ, ನಾಲ್ಕು ಪಾನಾದ ಕಾರನ್ನೇ ಇಟ್ಟುಕೊಳ್ಳುತ್ತೇನೆ ಎನ್ನುವವರೂ ಕಾರವಾರದ ಕೆಎ-30 ನೋಂದಣಿ ಫಲಕದ ಹಿಂದೆ ಇದ್ದಾರೆ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಶುಲ್ಕ 2022ರ ಮಾರ್ಚ್‌ವರೆಗೆ ₹600. ಏಪ್ರಿಲ್ 1ರಿಂದ ₹5,000. ಏರಿಕೆ ಶೇ 733. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ ₹10,000. ವರ್ಷಕ್ಕೆ ಹಂಚಿದರೆ ₹120 ಇದ್ದದ್ದು ₹2,000. ಅಂಕೋಲಾದಿಂದ ಹುಬ್ಬಳ್ಳಿಗೆ ಹೊಸ ಕಾರನ್ನು ಒಂದು ಸಲ ಒಯ್ದು ತರುವ ಪೆಟ್ರೋಲಿಗಿಂತ ಅದು ₹146 ಹೆಚ್ಚು.